‘ಮುಂದಿನ ಆದೇಶದವರೆಗೆ’: ಶಾಲೆ ಮುಚ್ಚಿದ್ದಕ್ಕಲ್ಲ, ಮುಚ್ಚಿ ಮರೆತಿದ್ದಕ್ಕೆ ನಿಮಗೂ ಸಿಟ್ಟಿದೆಯಾ?

ಪ್ರಶ್ನೆ: ಎರಡು_ಜಡೆ_ಅಮ್ಮ

ಹಳೆ ಫೋನಲ್ಲಿ ಜಾಗ ಖಾಲಿ ಮಾಡೋಣ ಅಂತ ಕೂತಿದ್ದೆ. ಮಗಳ ಶಾಲೆಯ ವಾಟ್ಸಾಪ್ ಗುಂಪು ಸಿಕ್ಕಿತು, ಕೊರೊನಾ ಕಾಲದ್ದು. ಅಳಿಸುವ ಮೊದಲು ಸುಮ್ನೆ ಓದುತ್ತಾ ಹೋದೆ. ಶಾಲೆಗೆ ರಜೆ, ಮುಂದಿನ ಆದೇಶದವರೆಗೆ. ಪರೀಕ್ಷೆ ಮುಂದೂಡಲಾಗಿದೆ, ಮುಂದಿನ ಆದೇಶದವರೆಗೆ. ಪುಸ್ತಕ ಹಂಚುವುದನ್ನು ನಿಲ್ಲಿಸಲಾಗಿದೆ, ಮುಂದಿನ ಆದೇಶದವರೆಗೆ. ಎಣಿಸಿದೆ. ಹದಿನಾಲ್ಕು ಸಲ ಇತ್ತು.

ಮುಚ್ಚಿದ್ದಕ್ಕೆ ನನಗೆ ಸಿಟ್ಟಿಲ್ಲ, ಮೊದಲೇ ಹೇಳಿಬಿಡುತ್ತೇನೆ. 2020ರ ಮಾರ್ಚಲ್ಲಿ ಯಾರಿಗೂ ಏನೂ ಗೊತ್ತಿರಲಿಲ್ಲ. ಏಪ್ರಿಲ್ ಹೊತ್ತಿಗೆ 190ಕ್ಕೂ ಜಾಸ್ತಿ ದೇಶಗಳಲ್ಲಿ ಸುಮಾರು 160 ಕೋಟಿ ವಿದ್ಯಾರ್ಥಿಗಳ ಓದು ನಿಂತಿತ್ತು. ಸರಿ, ಎಲ್ಲರೂ ಮಾಡಿದ್ದು ಅದನ್ನೇ. ಆದರೆ ಆಮೇಲೆ? ಅಂಗಡಿ ತೆರೆಯಿತು, ಬಾರ್ ತೆರೆಯಿತು, ಜಿಮ್ ತೆರೆಯಿತು, ಬಸ್ಸಲ್ಲಿ ಜನ ಒತ್ತಿಕೊಂಡು ಓಡಾಡಿದರು, ಶಾಲೆ ಗೇಟಿಗೆ ಮಾತ್ರ ಬೀಗ. ಯಾವಾಗ ತೆರೆಯುತ್ತೀರಿ ಅಂದರೆ ಉತ್ತರವಿಲ್ಲ. ಕೇಸು ಎಷ್ಟಕ್ಕೆ ಇಳಿದರೆ ತೆರೆಯುತ್ತೀರಿ ಅಂದರೆ ಅದಕ್ಕೂ ಇಲ್ಲ. ‘ಪರಿಸ್ಥಿತಿ ನೋಡಿಕೊಂಡು’ ಅಂತೆ. ಯಾರು ನೋಡುತ್ತಿದ್ದರು, ಎಲ್ಲಿ ಕೂತು ನೋಡುತ್ತಿದ್ದರು, ದೇವರಿಗೇ ಗೊತ್ತು.

ಮಗಳು ಆ ವರ್ಷ ಒಂದನೇ ತರಗತಿಗೆ ಸೇರಿದಳು. ಸೇರಿದ್ದು ಅಂದರೆ ಫೋನಿನೊಳಗೆ. ಅವಳ ಮಿಸ್ಸನ್ನು ಎದೆಯವರೆಗೆ ಮಾತ್ರ ನೋಡಿದ್ದಳು. ಶಾಲೆ ತೆರೆದ ದಿನ ಗೇಟ್ ಹತ್ತಿರ ನನ್ನ ಕೈ ಜಗ್ಗಿ ಪಿಸುಗುಟ್ಟಿದಳು: ‘ಅಮ್ಮಾ, ಮಿಸ್‌ಗೆ ಕಾಲೂ ಇದೆ.’ ಆಗ ನಕ್ಕುಬಿಟ್ಟೆ. ಈಗ ದೊಡ್ಡ ತರಗತಿಯಲ್ಲಿದ್ದಾಳೆ, ಲೆಕ್ಕದಲ್ಲಿ ಚುರುಕು, ಆದರೆ ಓದುವಾಗ ಒತ್ತಕ್ಷರ ಬಂದ ಕಡೆ ಇವತ್ತಿಗೂ ನಿಂತುಬಿಡುತ್ತಾಳೆ. ಕಲಿಯಬೇಕಿದ್ದ ವರ್ಷ ಅವಳು ಅದನ್ನು ಅಂಗೈಯಗಲದ ಪರದೆಯಲ್ಲಿ ನೋಡಿದ್ದು.

ಇದು ನನ್ನೊಬ್ಬಳ ಗೊಣಗಾಟವಾ? ಸರ್ಕಾರಗಳು ಬೇರೆ ಥರ ಮಾಡಬಹುದಿತ್ತಾ? ಎಲ್ಲಾದರೂ ಮಾಡಿದರಾ? ‘ಆಗ ಅದೇ ಸರಿ ಇತ್ತು’ ಅನ್ನುವವರೂ ಬರೆಯಿರಿ, ನಾನು ಜಗಳಕ್ಕೆ ಬಂದಿಲ್ಲ.

ಹಳೇ_ಕಾಂಪೌಂಡರ್:

ಮೇಡಂ, ಮೊದಲು ಮುಚ್ಚಿದ್ದರ ಬಗ್ಗೆ. ಮಹಾಮಾರಿ ಬಂದರೆ ಏನು ಮಾಡಬೇಕು ಅಂತ ಮೊದಲೇ ಬರೆದಿಟ್ಟ ಯೋಜನೆಗಳು ಬಹುಪಾಲು ಫ್ಲೂ ಜ್ವರವನ್ನು ತಲೆಯಲ್ಲಿಟ್ಟುಕೊಂಡು ಬರೆದವು. ಫ್ಲೂ ಹರಡುವುದರಲ್ಲಿ ಮಕ್ಕಳದೇ ದೊಡ್ಡ ಪಾಲು. ಹಾಗಾಗಿ ಶಾಲೆ ಮುಚ್ಚುವುದು ಅವುಗಳಲ್ಲಿ ಮೊದಲೇ ಬರುವ ಕೆಲಸ. ಮಾರ್ಚಲ್ಲಿ ಯಾರನ್ನೂ ಬೈಯುವ ಹಾಗಿಲ್ಲ.

ಆದರೆ ಈ ಸಲದ ವೈರಸ್ ಮಕ್ಕಳನ್ನು ದೊಡ್ಡವರಷ್ಟು ಕಾಡುತ್ತಿಲ್ಲ ಅನ್ನುವುದು ಕೆಲವೇ ತಿಂಗಳಲ್ಲಿ ಗೊತ್ತಾಯಿತು. ಡೆನ್ಮಾರ್ಕ್ 2020ರ ಏಪ್ರಿಲ್ 15ಕ್ಕೇ ತೆರೆಯಿತು, ಅದೂ ಚಿಕ್ಕ ಮಕ್ಕಳಿಗೆ ಮೊದಲು. ಸಣ್ಣ ಗುಂಪು ಮಾಡಿದರು, ಆದಷ್ಟು ಪಾಠ ಹೊರಗೆ ಬಯಲಲ್ಲಿ ಮಾಡಿದರು. ಸ್ವೀಡನ್ನಿನವರು 16 ವರ್ಷದೊಳಗಿನವರ ಶಾಲೆಯನ್ನು ಆ ವಸಂತದಲ್ಲಿ ಮುಚ್ಚಲೇ ಇಲ್ಲ. ಸ್ವೀಡನ್ ಮಾಡಿದ್ದೆಲ್ಲ ಸರಿ ಅನ್ನುತ್ತಿಲ್ಲ, ಅಲ್ಲಿ ವಯಸ್ಸಾದವರು ತುಂಬಾ ಜನ ಹೋದರು. ಆದರೆ ಶಾಲೆ ವಿಷಯದಲ್ಲಿ ನೋಡಿ ಕಲಿಯುವುದಕ್ಕೆ ಕಣ್ಣೆದುರಿಗೇ ಉದಾಹರಣೆ ಇತ್ತು. ಅದಕ್ಕೂ ಮುಂಚೆ ಎಬೋಲಾ ಬಂದಾಗ ಸಿಯೆರಾ ಲಿಯೋನ್‌ನಲ್ಲಿ 2014ರಿಂದ 2015ರ ಏಪ್ರಿಲ್‌ವರೆಗೆ ಶಾಲೆ ಮುಚ್ಚಿತ್ತು. ರೇಡಿಯೋದಲ್ಲಿ ಪಾಠ ಮಾಡಿದರು. ಆ ನಡುವೆ ಎಷ್ಟೋ ಹುಡುಗಿಯರು ಬಸುರಿಯರಾದರು, ಶಾಲೆ ತೆರೆದ ಮೇಲೆ ಹೊಟ್ಟೆ ಕಂಡವರನ್ನು ಒಳಗೇ ಬಿಡಲಿಲ್ಲ. ಮುಚ್ಚಿದರೆ ಯಾರಿಗೆ ಪೆಟ್ಟು ಅಂತ ಲೋಕಕ್ಕೆ ಗೊತ್ತಿತ್ತು.

ನಾನು ನಲವತ್ತು ವರ್ಷ ಸರ್ಕಾರಿ ಕೆಲಸದಲ್ಲಿದ್ದವನು, ಒಳಗಿನ ಮಾತು ಹೇಳುತ್ತೇನೆ. ಮುಚ್ಚುವುದಕ್ಕೆ ಒಂದು ಸಹಿ ಸಾಕು. ತೆರೆಯುವುದಕ್ಕೆ ಹೊಣೆ ಹೊರುವವನು ಬೇಕು. ತೆರೆದ ಮಾರನೇ ದಿನ ಒಂದು ಮಗುವಿಗೆ ಜ್ವರ ಬಂದರೆ ಸಹಿ ಹಾಕಿದವನ ಹೆಸರು ಪೇಪರಲ್ಲಿ ಬರುತ್ತದೆ. ತೆರೆಯದೆ ಹೋಗಿ ಸಾವಿರ ಮಕ್ಕಳು ಓದು ಬಿಟ್ಟರೆ ಯಾರ ಹೆಸರೂ ಬರುವುದಿಲ್ಲ. ನಿಮ್ಮ ಹದಿನಾಲ್ಕು ‘ಮುಂದಿನ ಆದೇಶ’ದ ಗುಟ್ಟು ಇಷ್ಟೇ.

ಸಿಟ್ಟಿನ_ಸೀನ:

ಬಾರಿಂದ ತೆರಿಗೆ ಬರುತ್ತೆ. ಮಕ್ಕಳಿಗೆ ವೋಟಿಲ್ಲ. ಇದಕ್ಕೆ ಡೆನ್ಮಾರ್ಕ್‌ವರೆಗೆ ಯಾಕೆ ಹೋಗಬೇಕು ಸಾರ್?

ಚಾಕ್‌ಪೀಸ್_ಮಿಸ್:

ನಾನು ಟೀಚರ್. ‘ಮನೇಲಿ ಕೂತು ಸಂಬಳ ತಗೊಂಡ್ರು’ ಅಂತ ಬೈಸಿಕೊಂಡವಳು, ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ.

ಆದೇಶ ನಮಗೂ ಟಿವಿಯಲ್ಲೇ ಗೊತ್ತಾಗುತ್ತಿತ್ತು. ರಾತ್ರಿ ಸುದ್ದಿ ಬಂದ ಐದು ನಿಮಿಷಕ್ಕೆ ಪೋಷಕರ ಫೋನ್ ಶುರು, ನಾಳೆ ಶಾಲೆ ಇದೆಯಾ ಮಿಸ್ ಅಂತ. ನಮ್ಮ ಕಡೆ ಮಾತ್ರ ಹೀಗೆ ಅಂದುಕೊಂಡಿದ್ದೆ. ಇಂಗ್ಲೆಂಡಿನ ಕಥೆ ಓದಿ ಸಮಾಧಾನವಾಯಿತು ಅನ್ನಲೋ ಹೊಟ್ಟೆ ಉರಿಯಿತು ಅನ್ನಲೋ. 2021ರ ಜನವರಿ 3, ಭಾನುವಾರ, ಪ್ರಧಾನಿ ಬೋರಿಸ್ ಜಾನ್ಸನ್ ಟಿವಿಯಲ್ಲಿ ಶಾಲೆ ಸುರಕ್ಷಿತ, ಮಕ್ಕಳನ್ನು ಕಳಿಸಿ ಅಂದರು. ಸೋಮವಾರ ಎಷ್ಟೋ ಪ್ರಾಥಮಿಕ ಶಾಲೆ ತೆರೆದವು. ಅವತ್ತೇ ಸಂಜೆ ಅದೇ ಟಿವಿಯಲ್ಲಿ ಅವರೇ ಬಂದು, ನಾಳೆಯಿಂದ ಶಾಲೆ ಬಂದ್ ಅಂದರು. ಒಂದು ದಿನದ ಶಾಲೆ. ಆ ಒಂದು ದಿನಕ್ಕೆ ಟೀಚರುಗಳು ಎಷ್ಟು ಬೆಂಚು ಎಳೆದಾಡಿರಬೇಕು ಅಂತ ನನಗೆ ಗೊತ್ತು.

ಬೆಂಚು ಅಂದೆನಲ್ಲ. ನಾನು ಟೇಪು ಹಿಡಿದು ನನ್ನ ಕೋಣೆ ಅಳೆದಿದ್ದೇನೆ. ಇಪ್ಪತ್ತಕ್ಕೆ ಇಪ್ಪತ್ತೈದು ಅಡಿ. ಆರಡಿಗೊಂದು ಮಗು ಕೂರಿಸಿದರೆ, ಬಾಗಿಲು, ನನ್ನ ಮೇಜು ಬಿಟ್ಟು, ಹದಿಮೂರು ಮಕ್ಕಳು. ನನ್ನ ತರಗತಿಯಲ್ಲಿ ಇದ್ದದ್ದು 42. ಉಳಿದವರನ್ನು ಗೋಡೆಗೆ ನೇತುಹಾಕಲಾ? ವಿಶ್ವ ಆರೋಗ್ಯ ಸಂಸ್ಥೆ ಮೊದಲಿಂದಲೂ ಹೇಳುತ್ತಿದ್ದದ್ದು ಕನಿಷ್ಠ 1 ಮೀಟರ್. ಅಮೆರಿಕದಲ್ಲಿ 6 ಅಡಿ ಇದ್ದದ್ದನ್ನು ಶಾಲೆಗಳಿಗೆ 3 ಅಡಿ ಮಾಡಿದ್ದು 2021ರ ಮಾರ್ಚಲ್ಲಿ, ಒಂದು ವರ್ಷ ಕಳೆದ ಮೇಲೆ. ಮೂರಡಿಯ ಈ ವ್ಯತ್ಯಾಸದಲ್ಲಿ ಅರ್ಧ ತರಗತಿ ಒಳಗೋ ಹೊರಗೋ ಆಗುತ್ತಿತ್ತು. ಇನ್ನು ನಾವು ಮಾಡಿದ್ದೇನು? ದಿನಾ ಬೆಂಚಿಗೆ ಔಷಧಿ ಹೊಡೆದೆವು. ಗಾಳಿಯಲ್ಲಿ ಹರಡುವ ರೋಗಕ್ಕೆ ಬೆಂಚು ಒರೆಸಿದ್ದೇ ಒರೆಸಿದ್ದು. ತುಕ್ಕು ಹಿಡಿದು ತೆರೆಯದ ಎರಡು ಕಿಟಕಿ ರಿಪೇರಿ ಮಾಡಿಸಿ ಅಂತ ನಾಲ್ಕು ಸಲ ಬರೆದೆ. ಇವತ್ತಿಗೂ ಹಾಗೇ ಇವೆ.

ಆನ್‌ಲೈನ್ ವಿಷಯ ಬೇಡವೇ ಬೇಡ, ಆದರೂ ಒಂದು ಹೇಳಲೇಬೇಕು. 42ರಲ್ಲಿ ದಿನಾ ಮುಖ ಕಾಣುತ್ತಿದ್ದದ್ದು ಹದಿನೇಳು. ಒಬ್ಬ ಹುಡುಗ ರಾತ್ರಿ ಹತ್ತೂವರೆಗೆ ಹೋಮ್‌ವರ್ಕ್ ಫೋಟೋ ಕಳಿಸುತ್ತಿದ್ದ, ಅಪ್ಪ ಕೆಲಸದಿಂದ ಬಂದ ಮೇಲೆ ತಾನೇ ಫೋನ್ ಸಿಗೋದು ಮಿಸ್ ಅಂತ. ನಮಗೆ ಪ್ರತಿ ವಾರ ತುಂಬಿ ಕಳಿಸುವ ಒಂದು ನಮೂನೆ ಇತ್ತು. ಅದರಲ್ಲಿ ಒಂದು ಕಾಲಂ, ‘ಲಿಂಕ್ ತಲುಪಿದ ಮಕ್ಕಳ ಸಂಖ್ಯೆ’. ಲಿಂಕ್ ಗುಂಪಿಗೆ ಹಾಕಿದರೆ ಎಲ್ಲರಿಗೂ ತಲುಪಿದ ಹಾಗೇ ತಾನೇ? 42 ಅಂತ ಬರೆಯುತ್ತಿದ್ದೆವು. ಎಷ್ಟು ಮಕ್ಕಳು ಕೂತು ಕೇಳಿದರು ಅಂತ ಕೇಳುವ ಕಾಲಮ್ಮೇ ಇರಲಿಲ್ಲ. ಆ 42 ಮೇಲೆ ಹೋಗುತ್ತಾ ಹೋಗುತ್ತಾ ‘ಕಲಿಕೆ ನಡೆಯುತ್ತಿದೆ, ನೂರಕ್ಕೆ ನೂರು’ ಆಯಿತು. ಜಗತ್ತಿನಲ್ಲಿ 3ರಿಂದ 17 ವರ್ಷದ 130 ಕೋಟಿ ಮಕ್ಕಳ ಮನೆಯಲ್ಲಿ ಇಂಟರ್‌ನೆಟ್ಟೇ ಇಲ್ಲ ಅಂತ ಯುನಿಸೆಫ್ 2020ರ ಡಿಸೆಂಬರಲ್ಲಿ ಹೇಳಿತು. ಅಂದರೆ ಮೂವರಲ್ಲಿ ಇಬ್ಬರಿಗೆ. ನನ್ನ ನಮೂನೆ ಪ್ರಕಾರ ಮಾತ್ರ ಎಲ್ಲರೂ ಓದುತ್ತಿದ್ದರು. ಸುಳ್ಳು ಬರೆದವಳು ನಾನೇ, ಒಪ್ಪುತ್ತೇನೆ.

ಮೂರನೇ_ಮಹಡಿ:

ಎಲ್ಲರೂ ಒಂದೇ ಕಡೆ ವಾಲುತ್ತಿದ್ದೀರಿ, ಸ್ವಲ್ಪ ಈ ಕಡೆಯದೂ ಕೇಳಿ. ನಮ್ಮದು ಎರಡು ಕೋಣೆ ಮನೆ, ಅಪ್ಪನಿಗೆ ಶ್ವಾಸಕೋಶದ ತೊಂದರೆ. ಶಾಲೆ ಮುಚ್ಚಿದಾಗ ನಾನು ಉಸಿರು ಬಿಟ್ಟೆ. ಮಧ್ಯೆ ಒಂದು ಸಲ ತೆರೆದರು, ಬರುವವರು ಪೋಷಕರ ಒಪ್ಪಿಗೆ ಪತ್ರ ತನ್ನಿ ಅಂದರು. ನಾನು ಸಹಿ ಹಾಕಲಿಲ್ಲ. ನಮ್ಮ ಕಟ್ಟಡದಲ್ಲಿ ಯಾರೂ ಹಾಕಲಿಲ್ಲ. ತೆರೆಯಿರಿ ಅಂದವರಿಗಿಂತ ಬೇಡ ಅಂದ ಪೋಷಕರೇ ಜಾಸ್ತಿ ಇದ್ದರು, ಈಗ ಎಲ್ಲರೂ ಮರೆತಿದ್ದಾರೆ.

ಮಗ ಒಂಬತ್ತು ತಿಂಗಳು ಬಾಗಿಲು ದಾಟಲಿಲ್ಲ. ಅಪ್ಪ ಉಳಿಯಲಿಲ್ಲ. ರೋಗ ತಂದವನು ನಾನು, ಆಫೀಸಿಂದ. ನಮ್ಮ ಆಫೀಸು ಅಗತ್ಯ ಸೇವೆ ಅಂತ ತೆರೆದಿತ್ತು. ಶಾಲೆ ಆ ಪಟ್ಟಿಯಲ್ಲಿ ಇರಲಿಲ್ಲ. ಅದನ್ನು ಯೋಚಿಸಿದಾಗೆಲ್ಲ ತಲೆ ಕೆಡುತ್ತದೆ. ಆದರೂ ಮುಚ್ಚಿದ್ದು ತಪ್ಪು ಅಂತ ಹೇಳಲು ನನಗೆ ಬಾಯಿ ಬರುವುದಿಲ್ಲ.

ಪರೀಕ್ಷೆ_ಬರೆಯದ_ಬ್ಯಾಚ್:

ಅಕ್ಕಾ, ಅಣ್ಣಾ, ನಾವು ‘ಕೊರೊನಾ ಪಾಸ್’ ಮಕ್ಕಳು. ಕೆಲಸಕ್ಕೆ ಇಂಟರ್‌ವ್ಯೂಗೆ ಹೋದರೂ ಅಂಕಪಟ್ಟಿಯ ವರ್ಷ ನೋಡಿ ಒಂದು ನಗು ನಗುತ್ತಾರೆ. ಪರೀಕ್ಷೆ ಬೇಡ ಅಂತ ನಾವೇನು ಅರ್ಜಿ ಹಾಕಿದ್ದೆವಾ?

ಇಂಗ್ಲೆಂಡಿನಲ್ಲಿ ಇನ್ನೂ ಚಂದ. 2020ರಲ್ಲಿ ಪರೀಕ್ಷೆ ರದ್ದು ಮಾಡಿ, ಟೀಚರು ಕೊಟ್ಟ ಗ್ರೇಡನ್ನು ಕಂಪ್ಯೂಟರ್ ಲೆಕ್ಕಕ್ಕೆ ಹಾಕಿ ತಿದ್ದಿದರು. ಆ ಶಾಲೆಯಲ್ಲಿ ಹಿಂದಿನ ವರ್ಷಗಳ ಮಕ್ಕಳು ಹೇಗೆ ಬರೆದಿದ್ದರೋ ಅದನ್ನು ನೋಡಿ ಇವರಿಗೆ ಗ್ರೇಡ್. ಹತ್ತಿರ ಹತ್ತಿರ 40% ಗ್ರೇಡ್ ಇಳಿದವು. ಹಿಂದುಳಿದ ಶಾಲೆಯ ಜಾಣ ಮಗುವಿಗೆ ಅವರ ಸೀನಿಯರುಗಳ ಅಂಕದ ಪೆಟ್ಟು! ಮಕ್ಕಳು ಬೀದಿಗೆ ಇಳಿದರು, ನಾಲ್ಕೇ ದಿನಕ್ಕೆ ಸರ್ಕಾರ ಹಿಂದೆ ಸರಿಯಿತು. ಉಗಾಂಡಾದಲ್ಲಿ 2020ರ ಮಾರ್ಚಲ್ಲಿ ಮುಚ್ಚಿದ್ದು, ಮಧ್ಯೆ ಕೆಲವು ತರಗತಿಗೆ ತೆರೆದು ಮತ್ತೆ ಮುಚ್ಚಿ, ಎಲ್ಲರಿಗೂ ಪೂರ್ತಿ ತೆರೆದದ್ದು 2022ರ ಜನವರಿ 10ಕ್ಕೆ. ಹೆಚ್ಚುಕಮ್ಮಿ ಎರಡು ವರ್ಷ. ಅಲ್ಲಿನವರ ಮುಂದೆ ನಾವು ಅದೃಷ್ಟವಂತರು ಅಂದುಕೊಳ್ಳಬೇಕೇನೋ.

ಎರಡು_ಜಡೆ_ಅಮ್ಮ:

ಎಲ್ಲರದ್ದೂ ಓದಿದೆ. ಮೂರನೇ ಮಹಡಿ ಅವರೇ, ನಿಮಗೆ ಏನು ಬರೆಯಬೇಕು ಅಂತ ಎರಡು ದಿನದಿಂದ ಹೊಳೆಯುತ್ತಿಲ್ಲ. ಆ ಒಪ್ಪಿಗೆ ಪತ್ರ ನಮಗೂ ಬಂದಿತ್ತು, ಮರೆತೇ ಹೋಗಿತ್ತು. ತೆರೆಯುವ ಹೊಣೆಯನ್ನು ಅವರು ನಮ್ಮ ಸಹಿಗೆ ಅಂಟಿಸಿದ್ದರು, ಅಲ್ವಾ?

ಕಾಂಪೌಂಡರ್ ಸಾರ್ ಹೇಳಿದ ಮೇಲೆ ಗುಂಪನ್ನು ಮತ್ತೆ ಕೆಳಗಿನವರೆಗೆ ನೋಡಿದೆ. ಕೊನೆಗೂ ತೆರೆದ ಸಂದೇಶ ಸಿಕ್ಕಿತು. ರಾತ್ರಿ 9.40ಕ್ಕೆ ಬಂದಿದೆ. ‘ನಾಳೆಯಿಂದ ಶಾಲೆ. ಸಮವಸ್ತ್ರ ಕಡ್ಡಾಯ.’ ಅಷ್ಟೇ. ಅವಳು ನಾಲ್ಕು ಬೆರಳು ಬೆಳೆದಿದ್ದಳು. ಅವತ್ತು ರಾತ್ರಿ ಹನ್ನೊಂದರವರೆಗೆ ಲಂಗದ ಅಂಚು ಬಿಚ್ಚುತ್ತಾ ಕೂತಿದ್ದು ಈಗ ನೆನಪಾಯಿತು.

ಚಾಕ್‌ಪೀಸ್ ಮಿಸ್, ಒತ್ತಕ್ಷರಕ್ಕೆ ಏನಾದರೂ ದಾರಿ ಇದೆಯಾ?

ಚಾಕ್‌ಪೀಸ್_ಮಿಸ್:

ಇದೆ. ಕಾಪಿ ಬರೆಸಬೇಡಿ, ಅದು ಶಿಕ್ಷೆ ಥರ ಆಗುತ್ತದೆ. ದಿನಾ ಹತ್ತು ನಿಮಿಷ ಗಟ್ಟಿಯಾಗಿ ಓದಿಸಿ. ಅವಳು ನಿಂತ ಕಡೆ ನೀವು ತಕ್ಷಣ ಹೇಳಿಬಿಡಬೇಡಿ, ಮನಸ್ಸಲ್ಲೇ ಐದು ಎಣಿಸಿ. ನನ್ನ ತರಗತಿಯಲ್ಲಿ ಈಗಲೂ ಹಾಗೆ ಎಣಿಸುತ್ತಿದ್ದೇನೆ, ಒಂಬತ್ತು ಮಕ್ಕಳಿಗೆ.