ಸುಟ್ಟ ಹುಲ್ಲುಗಾವಲಲ್ಲಿ ಹೂಗಿಡ ಯಾಕೆ ಕಡಿಮೆ?

ಪ್ರಶ್ನೆ: ವರ್ಷವೂ ಬೆಂಕಿ ಬೀಳುವ ಹುಲ್ಲುಗಾವಲೊಂದನ್ನು ವಾರಕ್ಕೊಮ್ಮೆ ಹೋಗಿ ನೋಡುತ್ತಿದ್ದೇನೆ. ಮೊದಲ ಮಳೆಯಾಗಿ ಒಂಬತ್ತನೇ ದಿನಕ್ಕೆ ಕರಕಲು ಬುಡದ ನಡುವಿಂದ ಸೂಜಿಯಂಥ ಚಿಗುರು ಬಂತು! ಪಕ್ಕದ ಸುಡದ ಜಾಗದಲ್ಲಿ ಇನ್ನೂ ಒಣಹುಲ್ಲೇ. ಆದರೆ ಹೂಗಿಡ ಜಾಸ್ತಿ ಇರೋದು ಅಲ್ಲೇ. ಬೆಂಕಿ ಒಳ್ಳೆಯದೋ ಕೆಟ್ಟದ್ದೋ?

ಉತ್ತರ 1: ಹುಲ್ಲಿನ ಚಿಗುರು ಹೊರಡುವ ಮೊಗ್ಗು ಇರುವುದು ನೆಲದ ಮಟ್ಟದಲ್ಲಿ, ಇಲ್ಲವೇ ಮಣ್ಣೊಳಗೆ. ಬೆಂಕಿ ಸರ್ರನೆ ಹಾದುಹೋಗುತ್ತದೆ, ಎರಡು ಬೆರಳು ಕೆಳಗೆ ಮಣ್ಣು ಅಷ್ಟೇನೂ ಕಾಯುವುದಿಲ್ಲ. ಮರದ ಸಸಿಗೆ ಮೊಗ್ಗು ಮೇಲಿರುತ್ತದೆ, ಪಾಪ. ಒಳ್ಳೆಯದು ಕೆಟ್ಟದ್ದು ಬಿಡಿ, ಎಷ್ಟು ವರ್ಷಕ್ಕೊಮ್ಮೆ, ಯಾವ ಕಾಲದಲ್ಲಿ ಅಂತ ಕೇಳಿ. ಅಮೆರಿಕದ ಕಾನ್ಸಾಸ್‌ನ ಕೊಂಜಾ ಪ್ರೇರಿ ಎಂಬ ಹುಲ್ಲುಗಾವಲಲ್ಲಿ ಪ್ರತಿ ವಸಂತಕ್ಕೂ ಸುಟ್ಟ ಕಡೆ ಎತ್ತರದ ಹುಲ್ಲುಗಳದ್ದೇ ದರ್ಬಾರು, ಹೂಗಿಡಕ್ಕೆ ಜಾಗವಿಲ್ಲ. ಬೆಂಕಿ ಅಪರೂಪವಾದ ಕಡೆ ಪೊದೆ, ಮರ ನುಗ್ಗಿವೆ.

ಉತ್ತರ 2: ಮಳೆಯನ್ನು ಮರೆತರೆ ಹೇಗೆ? ಅದೇ ಅಮೆರಿಕದ 1930ರ ದಶಕದ ಬರದಲ್ಲಿ ಲಿಟಲ್ ಬ್ಲೂಸ್ಟೆಮ್ ಹುಲ್ಲು ರಾಶಿರಾಶಿ ಸತ್ತು, ಎಷ್ಟೋ ಕಡೆ ವೆಸ್ಟರ್ನ್ ವೀಟ್‌ಗ್ರಾಸ್ ಎಂಬ ಬೇರೆ ಹುಲ್ಲು ಹಬ್ಬಿತು. ಬೆಂಕಿಯೇ ಬೇಕಿರಲಿಲ್ಲ. ಮಳೆ ಚೆನ್ನಾಗಿ ಬಂದರೆ ಹುಲ್ಲು ಜಾಸ್ತಿ, ಒಣಗಿದ ಮೇಲೆ ಅದೇ ಬೆಂಕಿಗೆ ಸೌದೆ. ಎರಡನ್ನೂ ಬೇರೆ ಮಾಡಿ ನೋಡಕ್ಕಾಗಲ್ಲ, ಅಲ್ವಾ?

ಪ್ರಶ್ನೆ ಕೇಳಿದವರು: ಇವತ್ತು ಮತ್ತೆ ಹೋಗಿದ್ದೆ. ಒಂದು ಮುಳ್ಳುಪೊದೆ ಮೇಲೆಲ್ಲ ಇದ್ದಿಲು. ಬುಡದ ಮಣ್ಣು ಕೆದಕಿದರೆ ನಾಲ್ಕು ಕೆಂಪು ಕುಡಿ!

ಉತ್ತರ 1: ಅದು ಬೇರಿಂದ ಮತ್ತೆ ಎದ್ದಿದೆ. ಮುಂದಿನ ಬೆಂಕಿ ತಡವಾದರೆ ಗೆದ್ದಿತು ಅನ್ನಿ.