ಮೇಲ್ಮನೆಗೆ ಪದವೀಧರರ ಮತ: ಒಂದು ಸಂದೇಹ

ಪ್ರಶ್ನೆ (ತಿಪಟೂರು): ಪದವಿ ಮುಗಿಸಿದವರಿಗೆ ವಿಧಾನ ಪರಿಷತ್ತಿನ ಮತದಾನದ ಹಕ್ಕು ತಾನಾಗಿಯೇ ಬರುತ್ತದೆಯೇ? ವಿಧಾನಸಭೆ ಅಂಗೀಕರಿಸಿದ ಮಸೂದೆಯನ್ನು ಪರಿಷತ್ತು ತಡೆಯಬಲ್ಲದೇ?

ಉತ್ತರ (ಚಿಂತಾಮಣಿ): ಬರುವುದಿಲ್ಲ ಸರ್. ಅರ್ಹತಾ ದಿನಾಂಕಕ್ಕೆ ಪದವಿ ಪಡೆದು ಕನಿಷ್ಠ 3 ವರ್ಷ ಕಳೆದಿರಬೇಕು. ಪ್ರತಿ ಚುನಾವಣೆಗೂ ಪಟ್ಟಿ ಹೊಸದಾಗಿ ಸಿದ್ಧವಾಗುವುದರಿಂದ, ಹಿಂದಿನ ಪಟ್ಟಿಯಲ್ಲಿ ಹೆಸರಿದ್ದವರೂ ನಮೂನೆ 18ನ್ನು (ಹೆಸರು ಸೇರಿಸುವ ಅರ್ಜಿ) ಮತ್ತೆ ತುಂಬಿ ಕೊಡಬೇಕು. ನಮ್ಮ ಮೂರೂ ಜಿಲ್ಲೆಗಳು, ಅಂದರೆ ತುಮಕೂರು, ಕೋಲಾರ, ಚಿಕ್ಕಬಳ್ಳಾಪುರ, ಆಗ್ನೇಯ ಪದವೀಧರರ ಕ್ಷೇತ್ರಕ್ಕೆ ಸೇರಿವೆ. ಮತಗಟ್ಟೆಯಲ್ಲಿ ಕೊಡುವ ನೇರಳೆ ಪೆನ್ನಿನಿಂದಲೇ ಹೆಸರುಗಳ ಮುಂದೆ 1, 2, 3 ಎಂದು ಪ್ರಾಶಸ್ತ್ಯ ಬರೆಯಬೇಕು. ಓದಿದವರೇ ಟಿಕ್ ಹಾಕಿ ಮತ ಕೆಡಿಸಿಕೊಳ್ಳುವುದು ಸೋಜಿಗ!

ಉತ್ತರ (ಮುಳಬಾಗಿಲು): ಮಸೂದೆಯನ್ನು ಪರಿಷತ್ತು ತಡಮಾಡಬಲ್ಲದೇ ಹೊರತು ಕೊನೆಯವರೆಗೂ ತಡೆಯಲಾರದು. ಮೊದಲ ಸಲ 3 ತಿಂಗಳು, ವಿಧಾನಸಭೆ ಮತ್ತೆ ಅಂಗೀಕರಿಸಿ ಕಳುಹಿಸಿದರೆ 1 ತಿಂಗಳು. ಧನ ವಿಧೇಯಕವಾದರೆ, ಅಂದರೆ ತೆರಿಗೆ, ಸರ್ಕಾರದ ಖರ್ಚಿನಂಥ ಹಣಕಾಸಿನ ಮಸೂದೆಯಾದರೆ, 14 ದಿನ ಮಾತ್ರ.