ಮೀನಾಕ್ಷಿಯ ಮನೆಗೆ ಬೊಂಬಿಲ್ ಬಂದದ್ದು

ಭಾನುವಾರ ಬೆಳಗಿನ ಚಹಾಕ್ಕೆಂದು ಮುಂಬಯಿ ಬಳಿಯ ಡೊಂಬಿವಲಿಯ ನಮ್ಮ ಮನೆಗೆ ಬಂದ ಜೋಶಿ ಮಾಸ್ತರರು, ಹಾಲ್‌ನ ಮೂಲೆಯಲ್ಲಿ ಸುತ್ತಿಟ್ಟಿದ್ದ ಹಾಸಿಗೆಯನ್ನೂ ಮುಚ್ಚಿದ್ದ ಮಲಗುವ ಕೋಣೆಯನ್ನೂ ನೋಡಿ, ಊರಿನಿಂದ ಯಾರು ಬಂದಿದ್ದಾರೆಂದು ತಗ್ಗಿದ ದನಿಯಲ್ಲಿ ವಿಚಾರಿಸಿದರು. ಒಳಗಿರುವುದು ಬೊಂಬಿಲ್ ಎಂಬ ಮೀನಿನ ಹೆಸರಿನ, ಎರಡೂವರೆ ತಿಂಗಳ ಬೆಕ್ಕಿನ ಮರಿಯೆಂದೂ, ಅದಕ್ಕೆ ಕೋಣೆ ಬಿಟ್ಟುಕೊಟ್ಟು ನಾವಿಬ್ಬರೂ 9 ದಿನಗಳಿಂದ ಹಾಲ್‌ನಲ್ಲಿ ಮಲಗುತ್ತಿದ್ದೇವೆಂದೂ ಹೇಳಿದಾಗ ಅವರು ಶೆಟ್ಟರ ಮುಖ ನೋಡಿದರು. ಶೆಟ್ಟರು ಚಹಾದ ಕಪ್ಪಿನೊಳಗೆ ಮುಖ ಮರೆಸಿಕೊಂಡರು; ಮರಿಯನ್ನು ತಮ್ಮ ಹೋಟೆಲಿನ ಹಿತ್ತಿಲಿನಿಂದ ಎತ್ತಿ ನನ್ನ ಚೀಲದೊಳಗೆ ಇಳಿಸಿದವರು ಅವರೇ.

“ಹಳೆಯ ಬೆಕ್ಕನ್ನೂ ಮರಿಯನ್ನೂ ಒಂದೇ ಕೋಣೆಯಲ್ಲಿ ಕೂಡಿ ಚಿಲಕ ಹಾಕಿರಿ ರಾಯರೇ, ಬೆಳಗಾಗುವುದರೊಳಗೆ ತಮ್ಮತಮ್ಮಲ್ಲೇ ತೀರ್ಮಾನ ಮಾಡಿಕೊಳ್ಳುತ್ತವೆ” ಎಂದು ಮಾಸ್ತರರು ಅಪ್ಪಣೆ ಕೊಡಿಸಿದರು. ಮಧ್ಯ ರೈಲ್ವೆಯಲ್ಲಿ ಸ್ಟೇಷನ್ ಮಾಸ್ತರರಾಗಿ ನಿವೃತ್ತರಾದ ಅವರಿಗೆ ಹಸಿರು ಬಾವುಟ ತೋರಿಸುವ ಅಭ್ಯಾಸ ಇನ್ನೂ ಬಿಟ್ಟಿಲ್ಲ.

“ಆ ತೀರ್ಮಾನದ ನಕಲು ಪ್ರತಿ ಇಲ್ಲಿದೆ, ನೋಡಿರಿ” ಎಂದು ನನ್ನ ಹೆಂಡತಿ ಮುಂಗೈಯ ಮೇಲಿನ ಮೂರು ಗೀರುಗಳನ್ನು ಅವರ ಮುಂದೆ ಚಾಚಿದಳು.

ತಪ್ಪು ನನ್ನದೇ ಆಗಿತ್ತು. 5 ವರ್ಷಗಳಿಂದ ಈ ಮನೆಗೆ ಏಕೈಕ ಒಡತಿಯಾಗಿರುವ, ಅಕ್ಷಿಗಳು ಸದಾ ಮೀನಿನ ಮೇಲೆಯೇ ಇರುವುದರಿಂದ ಮೀನಾಕ್ಷಿಯೆಂದು ಹೆಸರು ಪಡೆದ ಬೆಕ್ಕಿನ ಎದುರಿಗೇ ಚೀಲ ಬಿಚ್ಚಿ, ಮರಿಯನ್ನು ನೆಲದ ಮೇಲೆ ಬಿಟ್ಟುಬಿಟ್ಟೆ. ಮೀನಾಕ್ಷಿಯ ಬಾಲ ಬಾಟಲಿ ತೊಳೆಯುವ ಬ್ರಷ್‌ನಂತೆ ಉಬ್ಬಿತು. ಬುಸ್ಸೆಂದವಳೇ ಗೋದ್ರೇಜ್ ಕಪಾಟಿನ ನೆತ್ತಿಯನ್ನು ಏರಿದಳು. ಸಮಾಧಾನಪಡಿಸಲೆಂದು ಚಾಚಿದ ಯಜಮಾನಿಯ ಕೈಗೆ, ಮರಿಗೆ ಸಲ್ಲಬೇಕಾಗಿದ್ದ ಏಟು ಬಿತ್ತು. ಅತ್ತೆಯ ಮೇಲಿನ ಕೋಪವನ್ನು ಕೊತ್ತಿಯ ಮೇಲೆ ತೀರಿಸಿಕೊಳ್ಳುವುದನ್ನು ಗಾದೆಯಲ್ಲಿ ಕೇಳಿದ್ದೆವು. ಕೊತ್ತಿಯೂ ತನ್ನ ಸರದಿ ಬಂದಾಗ ಹಾಗೆಯೇ ಮಾಡುತ್ತದೆಂದು ಅಂದು ತಿಳಿಯಿತು. ಕೆರಳಿದ ಬೆಕ್ಕು ಎದುರಾಳಿಯನ್ನು ಮುಟ್ಟಲಾಗದಿದ್ದರೆ ಹತ್ತಿರ ಇದ್ದವರನ್ನು ಹಿಡಿಯುತ್ತದೆ, ಆ ಹೊತ್ತಿನಲ್ಲಿ ಕೈ ಹಾಕದೆ ಸುಮ್ಮನಿರಬೇಕು ಎಂದು ಪಶುವೈದ್ಯೆ ಗಾಯವನ್ನು ನೋಡಿದ ಮೇಲೆ ಹೇಳಿದರು.

ಅವರ ಪ್ರಕಾರ ನಾವು ಮನೆಯನ್ನು ಗೋಡೆಗಳಿಂದ ಗುರುತಿಸುತ್ತೇವೆ, ಬೆಕ್ಕು ವಾಸನೆಯಿಂದ ಗುರುತಿಸುತ್ತದೆ. ಕುರ್ಚಿಯ ಕಾಲಿಗೂ ಬಾಗಿಲಿನ ಅಂಚಿಗೂ ಅದು ಕೆನ್ನೆ ಉಜ್ಜುವುದು ಮುದ್ದಿಗಲ್ಲ. ಕೆನ್ನೆಯ ಗ್ರಂಥಿಗಳ ವಾಸನೆಯನ್ನು ಅಲ್ಲಿ ಬರೆದಿಡುತ್ತದೆ.

“ಅಂದರೆ ನಮ್ಮೂರಿನ ಪಹಣಿ, ಇಲ್ಲಿಯವರ ಸಾತ್‌ಬಾರಾ” ಎಂದು ಶೆಟ್ಟರು ಕೂಡಲೇ ಗ್ರಹಿಸಿದರು. ಹೋಟೆಲಿನ ಜಾಗದ ಖಟ್ಲೆ ನಡೆಸಿದವರಿಗೆ ಇಂಥ ವಿಷಯ ಬೇಗ ಹತ್ತುತ್ತದೆ. “ಖಾತೆಯಲ್ಲಿ ಹೆಸರಿಲ್ಲದವನು ಏಕಾಏಕಿ ಅಂಗಳದಲ್ಲಿ ನಿಂತರೆ ಯಾರಾದರೂ ಬುಸುಗುಡುತ್ತಾರೆ.”

ಆದುದರಿಂದ ಮೊದಲು ಮರಿಯ ವಾಸನೆಯನ್ನು ಮನೆಗೆ ಸೇರಿಸಬೇಕು, ಮರಿಯನ್ನು ಆಮೇಲೆ. ಒಳಗಿನ ಮರಿಯ ರೋಗ ಹೊರಗಿನ ಬೆಕ್ಕಿಗೆ ದಾಟದಿರಲಿ ಎಂಬುದೂ ಈ ಪ್ರತ್ಯೇಕ ವಾಸದ ಒಂದು ಉದ್ದೇಶವಾಗಿದ್ದು, ರಕ್ತಪರೀಕ್ಷೆ, ಲಸಿಕೆ, ಜಂತುಹುಳುವಿನ ಔಷಧಗಳು ಆ ವಾರದಲ್ಲೇ ಮುಗಿದವು. ನನ್ನ ಒಂದು ಹಳೆಯ ಕಾಲುಚೀಲವನ್ನು ಒಗೆದು, ಅದರಿಂದ ಮರಿಯ ಕೆನ್ನೆಗಳನ್ನು ಒರೆಸಿ, ಮೀನಾಕ್ಷಿಯ ತಟ್ಟೆಯಿಂದ ಎರಡು ಮಾರು ದೂರದಲ್ಲಿ ಇಟ್ಟೆ. ಮೊದಲ ದಿನ ಅವಳು ಅದಕ್ಕೂ ಬುಸ್ಸೆಂದಳು. ಮೂರನೆಯ ದಿನ ಹತ್ತಿರ ಬಂದು, ಮೂಸಿ, ಮೇಲ್ದುಟಿಯನ್ನು ಎತ್ತಿ, ಬಾಯಿಯನ್ನು ಅರ್ಧ ತೆರೆದುಕೊಂಡು, ಏನನ್ನೋ ಮರೆತವಳಂತೆ ಶೂನ್ಯವನ್ನು ನೋಡುತ್ತ ನಿಂತಳು. ಬೆಕ್ಕಿಗೆ ಅಂಗುಳಿನ ಮೇಲೆ ವಾಸನೆಯನ್ನು ತಿಳಿಯುವ ಇನ್ನೊಂದು ಅಂಗವಿದೆ, ಆ ಮುಖಭಂಗಿಯಲ್ಲಿ ಗಾಳಿಯನ್ನು ಅಲ್ಲಿಗೆ ಸೆಳೆದುಕೊಳ್ಳುತ್ತದೆ ಎಂದು ನಾನು ವಿವರಿಸಿದೆ.

“ಶೆಟ್ಟರ ಹೋಟೆಲಿನಲ್ಲಿ ಕುಳಿತು ಮನೆಗೆ ಮರಳಿದ ದಿನ ನಮ್ಮವಳು ನನ್ನ ಅಂಗಿಯನ್ನು ಮೂಸಿ ಮಾಡುವ ಮುಖ ಇದೇ” ಎಂದು ಮಾಸ್ತರರು ನಿಟ್ಟುಸಿರಿಟ್ಟರು. ಧಾರವಾಡದ ಈ ವೈಷ್ಣವರು ಅಲ್ಲಿ ಏನು ತಿನ್ನುತ್ತಾರೆಂಬುದು ಈ ಹರಟೆಗೆ ಸಂಬಂಧಿಸಿದ್ದಲ್ಲ.

ಶೆಟ್ಟರು ತತ್ತರಿಸಿದ್ದು ಶೌಚದ ಲೆಕ್ಕ ಕೇಳಿ. ಬೆಕ್ಕುಗಳೆಷ್ಟೋ ಅದಕ್ಕಿಂತ ಒಂದು ಹೆಚ್ಚು ಮರಳಿನ ಟ್ರೇಗಳು ಇರಬೇಕು, ಅವೂ ಬೇರೆ ಬೇರೆ ಜಾಗಗಳಲ್ಲಿರಬೇಕು; ಇಲ್ಲವಾದರೆ ಒಂದು ಬೆಕ್ಕು ದಾರಿಗಡ್ಡ ಕುಳಿತು ಇನ್ನೊಂದು ಬೆಕ್ಕನ್ನು ಹೋಗಗೊಡುವುದಿಲ್ಲ. “ನಾನು ಮುಂಬಯಿಯ ಲಾಲ್‌ಬಾಗಿನ ಚಾಳಿನಲ್ಲಿದ್ದಾಗ ಒಂದು ಮಾಳಿಗೆಯ ಅಷ್ಟೂ ಸಂಸಾರಗಳು ಎರಡು ಶೌಚಾಲಯಗಳ ಮುಂದೆ ಡಬ್ಬ ಹಿಡಿದು ಸಾಲು ನಿಲ್ಲುತ್ತಿದ್ದೆವು. ಇಲ್ಲಿ ಇಬ್ಬರಿಗೆ ಮೂರೇ?” ಎಂದು ಕೇಳಿದ ಅವರ ದನಿಯಲ್ಲಿ ಹಾಸ್ಯಕ್ಕಿಂತ ಸಂಕಟವೇ ಹೆಚ್ಚಾಗಿತ್ತು. ಮೂರನೆಯ ಟ್ರೇ ನನ್ನ ಬರವಣಿಗೆಯ ಮೇಜಿನ ಕೆಳಗಿದೆ.

ನೆಲ ಕಡಿಮೆಯಾದರೂ ಎತ್ತರಕ್ಕೆ ಮುಂಬಯಿಯಲ್ಲಿ ಬಡತನವಿಲ್ಲ. ಬೆಕ್ಕು ಮೇಲಿನಿಂದ ಮನೆಯನ್ನು ನೋಡಬಲ್ಲದಾದರೆ ಅರ್ಧ ಭಯ ಕಳೆಯುತ್ತದೆ. ಕಪಾಟಿನ ನೆತ್ತಿಯ ಸೂಟ್‌ಕೇಸುಗಳನ್ನು ಇಳಿಸಿ, ಅಲ್ಲಿಂದ ಅಡುಗೆಮನೆಯ ಲಾಫ್ಟ್‌ವರೆಗೆ ಒಂದು ಹಲಗೆ ಹಾಸಿದ್ದೇವೆ. ಇಳಿಸಿದ ಸೂಟ್‌ಕೇಸುಗಳು ಎಲ್ಲಿವೆ ಎಂದು ಯಾರೂ ಕೇಳಬಾರದು.

ಊಟದ ಏರ್ಪಾಡನ್ನು ಮುಚ್ಚಿದ ಬಾಗಿಲಿನ ಎರಡೂ ಬದಿಯಲ್ಲಿ ಮಾಡಿ, ಇಬ್ಬರೂ ನೆಮ್ಮದಿಯಾಗಿ ತಿಂದ ದಿನ ತಟ್ಟೆಗಳನ್ನು ಒಂದು ಗೇಣು ಹತ್ತಿರ ಸರಿಸುತ್ತಿದ್ದೆವು. ಯಾರಾದರೂ ತಿನ್ನುವುದನ್ನು ಬಿಟ್ಟು ಗುರ್ರೆಂದರೆ ಮತ್ತೆ ಹಿಂದಕ್ಕೆ. ಬಾಗಿಲಿನ ಆಚೆ ಇರುವವರ ವಾಸನೆಯೂ ಬಂಗುಡೆಯ ರುಚಿಯೂ ಒಟ್ಟಿಗೇ ಬರತೊಡಗಿದರೆ ಬೆಕ್ಕಿನ ಮನಸ್ಸಿನಲ್ಲಿ ಅವೆರಡೂ ಕೂಡಿಕೊಳ್ಳುತ್ತವೆ. ಈಗ ತಟ್ಟೆಗಳು ಹೊಸ್ತಿಲಿಗೆ ಬಂದಿದ್ದುದರಿಂದ, ಚೌಕಟ್ಟಿಗೆ ಕಿಟಕಿಯ ಜಾಲರಿಯನ್ನು ಬಿಗಿದು, ಬಾಗಿಲನ್ನು ನಾಲ್ಕು ಬೆರಳು ತೆರೆದು ಮುಖ ತೋರಿಸುವ ಮುಹೂರ್ತವನ್ನು ಅಂದೇ ಇಟ್ಟುಕೊಂಡಿದ್ದೆವು.

“ಇಬ್ಬರೂ ಉಸಿರು ಬಿಗಿಹಿಡಿದು ಕುಳಿತಿರಬೇಕು” ಎಂದು ಹೆಂಡತಿ ಎಚ್ಚರಿಸಿದಳು. ಬಾಗಿಲು ಸರಿಯಿತು. ಬೊಂಬಿಲ್ ತಟ್ಟೆಯಿಂದ ತಲೆ ಎತ್ತಿತು. ಮೀನಾಕ್ಷಿಯ ಕಿವಿಗಳು ಹಿಂದಕ್ಕೆ ಬಾಗಿದವು, ಒಮ್ಮೆ ಬುಸ್ಸೆಂದಳು. ಗದರಿಸಲು ಬಾಯಿ ತೆರೆದ ಶೆಟ್ಟರ ಮಂಡಿಯನ್ನು ನಾನು ಒತ್ತಿ ಹಿಡಿದೆ. ಬುಸುಗುಟ್ಟುವುದು ‘ದೂರವಿರು’ ಎಂಬ ಸಭ್ಯ ನೋಟಿಸು ಮಾತ್ರ. ಅದನ್ನು ಗದರಿಸಿ ನಿಲ್ಲಿಸಿದರೆ ಮುಂದಿನ ಸಲ ನೋಟಿಸಿಲ್ಲದೆ ಏಟು ಬೀಳುತ್ತದೆ. ಮರಿ ದಿಟ್ಟಿಸಲಿಲ್ಲ, ಪಕ್ಕಕ್ಕೆ ಮುಖ ತಿರುಗಿಸಿ ಕುಳಿತು ಪಂಜವನ್ನು ನೆಕ್ಕತೊಡಗಿತು.

“ಇದಕ್ಕೆ ಲೋಕಲ್ ರೈಲಿನ ಸಂಸ್ಕಾರವಿದೆ” ಎಂದು ಮಾಸ್ತರರು ಪಿಸುಗುಟ್ಟಿದರು. “ಮೂವರ ಬೆಂಚಿನಲ್ಲಿ ನಾಲ್ಕನೆಯ ಸೀಟು ಕೇಳುವವನು ಯಾರ ಮುಖವನ್ನೂ ನೋಡುವುದಿಲ್ಲ. ಅರ್ಧ ತೊಡೆಯನ್ನು ಊರಿ ಹೊರಗೆ ನೋಡುತ್ತ ಕುಳಿತಿರುತ್ತಾನೆ. ಠಾಣೆ ಸ್ಟೇಷನ್ ಬರುವುದರೊಳಗೆ ಪೂರ್ತಿ ಕುಳಿತಿರುತ್ತಾನೆ.”

“ಠಾಣೆ ಬರಲು ಇಲ್ಲಿ ಕೆಲವು ವಾರಗಳು, ಕೆಲವು ಮನೆಗಳಲ್ಲಿ ತಿಂಗಳುಗಳೇ ಬೇಕಾಗುತ್ತವೆ ಮಾಸ್ತರರೇ” ಎಂದೆ. ಮೀನಾಕ್ಷಿ ಜಾಲರಿಯತ್ತ ಒಮ್ಮೆ ಕಣ್ಣುಗಳನ್ನು ನಿಧಾನವಾಗಿ ಮುಚ್ಚಿ ತೆರೆದು, ಉಳಿದ ಬಂಗುಡೆಗೆ ಬಾಯಿ ಹಾಕಿದಳು. ಜಗಳ ಹುಟ್ಟುವ ಮೊದಲೇ ನಿಲ್ಲಿಸಬೇಕೆಂದಿದ್ದುದರಿಂದ ಹೆಂಡತಿ ಬಾಗಿಲನ್ನು ಮುಚ್ಚಿದಳು. ಎಲ್ಲ ಸೇರಿ ಎರಡು ನಿಮಿಷವಾಗಿತ್ತು.

ಶೆಟ್ಟರು ಗಂಟಲು ಸರಿಪಡಿಸಿಕೊಂಡು, ಬೊಂಬಿಲ್‌ನ ತಂಗಿಯೊಂದು ಹಿತ್ತಿಲಿನಲ್ಲಿ ಇನ್ನೂ ಉಳಿದಿದೆಯೆಂದೂ, ಮಾಸ್ತರರ ಮನೆಯಲ್ಲಿರುವ ಒಂಟಿ ಬೆಕ್ಕಿಗೆ ಜೊತೆಯಾದೀತೆಂದೂ ಮೃದುವಾಗಿ ಆರಂಭಿಸಿದರು. ಮಾಸ್ತರರು ಥಟ್ಟನೆ ಎದ್ದು, ತಮಗೆ 11:40ರ ಲೋಕಲ್ ತಪ್ಪುತ್ತದೆಂದು ಚಪ್ಪಲಿ ಹುಡುಕತೊಡಗಿದರು.

“ಕುಳಿತುಕೊಳ್ಳಿರಿ ಮಾಸ್ತರರೇ, ಇಂದು ಹಳಿ ರಿಪೇರಿಯ ಮೆಗಾ ಬ್ಲಾಕ್” ಎಂದರು ಶೆಟ್ಟರು.